ನಿನ್ನೆ ಆ ಬದಿಗಿತ್ತು



ಚೌತಿ ಮುಗಿದಿತ್ತು. ಎರಡು ದಿನದಿಂದ ಮಳೆ ಹೊಳವಾಗಿತ್ತು. ಅಂಕೋಲಾ ತಾಲೂಕಿನ ಹಿಲ್ಲೂರಿನ ಕಡೆ, ಕಾಡಿನ ಅಂಚಿನ ಕಾಲುದಾರಿಯಲ್ಲಿ, ಎಂದೋ ಬಿದ್ದ ಮತ್ತಿ ಮರವೊಂದು ಕುಂಬಾಗಿ ಮಲಗಿತ್ತು. ಅದರ ಮೇಲೆ ಅರಿಶಿನ ಕಲಸಿ ಸುರಿದ ಹಾಗೆ ಅಂಗೈಯಗಲದ ಹಳದಿ ಲೋಳೆ. ನಾನು ಕೊಡೆಯನ್ನು ಬದಿಗಿಟ್ಟು ಬಗ್ಗಿ ನೋಡುತ್ತಿದ್ದೆ. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹಾಲಕ್ಕಿ ಅಜ್ಜಿಯೊಬ್ಬರು ಹಿಂದೆ ಬಂದು ನಿಂತರು.

“ಅಕ್ಕೋರೆ, ಅದು ನಿನ್ನೆ ಆ ಬದಿಗಿತ್ತು.”

“ಯಾವುದು ಅಜ್ಜಿ?”

“ಅದೇ, ಹಳದಿದು. ನಿನ್ನೆ ಸೊಪ್ಪು ತರುಕೆ ಬಂದಾಗ ಬುಡದಲ್ಲಿತ್ತು. ಇವತ್ತು ಇಲ್ಲಿಗೆ ಬಂದದೆ.”

ಅಷ್ಟು ಹೇಳಿ ಅವರು ನಡೆದರು. ನಾನು ಅಲ್ಲೇ ಉಳಿದೆ. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವಳು ನಾನು. ಮೊದಲ ವರ್ಷದ ಪುಸ್ತಕದಲ್ಲಿ, ಜೀವಿಗಳ ವರ್ಗೀಕರಣದ ಪಾಠದಲ್ಲಿ, ಈ ಜೀವಿಯ ಬಗ್ಗೆ ಒಂದು ಪ್ಯಾರಾ ಇದೆ. ಕೊಳೆಯುವ ಕಡ್ಡಿ, ಎಲೆಗಳ ಮೇಲೆ ಇದು ಚಲಿಸುತ್ತದೆ, ಸಿಕ್ಕಿದ್ದನ್ನು ಒಳಗೆಳೆದುಕೊಳ್ಳುತ್ತದೆ ಎಂದು ಅದರಲ್ಲಿ ಬರೆದಿದೆ. ಆ ಪ್ಯಾರಾವನ್ನು ನಾನು ಪ್ರತಿ ವರ್ಷ ಓದಿ ಹೇಳಿದ್ದೇನೆ. ಚಲಿಸುವುದನ್ನು ಕಣ್ಣಾರೆ ಕಂಡದ್ದು ಮಾತ್ರ ಆ ಅಜ್ಜಿ. ದಿನವೂ ಒಂದೇ ದಾರಿಯಲ್ಲಿ ನಡೆಯುವವರಿಗೆ, ನಿನ್ನೆಯನ್ನು ನೆನಪಿಟ್ಟು ಇವತ್ತನ್ನು ನೋಡುವವರಿಗೆ ಮಾತ್ರ ಕಾಣುವ ಚಲನೆ ಅದು. ಗಂಟೆಗೆ ಒಂದೆರಡು ಸೆಂಟಿಮೀಟರ್ ಅಷ್ಟೆ.

ಕನ್ನಡದ ಪುಸ್ತಕಗಳಲ್ಲಿ ಇದಕ್ಕೆ ಲೋಳೆ ಶಿಲೀಂಧ್ರ ಎಂದು ಹೆಸರು. ನಾನು ಲೋಳೆಬೂಷ್ಟು ಎನ್ನುತ್ತೇನೆ. ಎರಡು ಹೆಸರೂ ಪೂರ್ತಿ ಸರಿಯಲ್ಲ, ಏಕೆಂದರೆ ಇದು ಶಿಲೀಂಧ್ರವೂ ಅಲ್ಲ, ಬೂಷ್ಟೂ ಅಲ್ಲ. ಅಣಬೆ, ಬೂಷ್ಟುಗಳು ತಮ್ಮ ನೂಲಿನಂಥ ಎಳೆಗಳನ್ನು ಮರದೊಳಗೆ ಇಳಿಸಿ, ಆಹಾರವನ್ನು ಹೊರಗೇ ಕರಗಿಸಿ ಹೀರುತ್ತವೆ. ಇದು ಬಾಯಿಲ್ಲದೆಯೇ ನುಂಗುತ್ತದೆ. ಬ್ಯಾಕ್ಟೀರಿಯಾ, ಯೀಸ್ಟ್, ಅಣಬೆಯ ಬೀಜಕಣ, ಯಾವುದು ಸಿಕ್ಕಿದರೂ ಮೈಯಿಂದ ಸುತ್ತುವರಿದು ಒಳಗೆ ಹಾಕಿಕೊಳ್ಳುತ್ತದೆ. ಜರ್ಮನಿಯ ಆಂಟನ್ ಡಿ ಬರಿ 1859ರಲ್ಲೇ ಇವುಗಳ ಬದುಕನ್ನು ಹಂತ ಹಂತವಾಗಿ ನೋಡಿ, ಇವು ಪ್ರಾಣಿಗಳಿಗೆ ಹತ್ತಿರ ಎಂದು ವಾದಿಸಿದರು. ಅಣಬೆ-ಪ್ರಾಣಿ ಎಂಬ ಅರ್ಥ ಬರುವ ಹೆಸರನ್ನೂ ಇಟ್ಟರು. ಸಸ್ಯಶಾಸ್ತ್ರದವರು ಒಪ್ಪಲಿಲ್ಲ. ಬೀಜಕಣ ಬಿಡುವುದು ಹೇಗೆ ಪ್ರಾಣಿಯಾದೀತು ಎಂದರು. ಈ ಜಗ್ಗಾಟ ನೂರು ವರ್ಷಕ್ಕೂ ಹೆಚ್ಚು ನಡೆಯಿತು. ಈಗ ಇವನ್ನು ಅಮೀಬಾಗಳ ಬಳಗದಲ್ಲಿ ಸೇರಿಸಿದ್ದಾರೆ.

ಇದರ ಬದುಕನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಗಲದ ಬೀಜಕಣವೊಂದು ಗಾಳಿಯಲ್ಲಿ ಬಂದು ಒದ್ದೆಯಾದ ತೊಗಟೆಯ ಮೇಲೆ ಬೀಳುತ್ತದೆ. ಅದು ಒಡೆದು ಒಂದು ಅಮೀಬಾ ಹೊರಬರುತ್ತದೆ. ನೀರಿದ್ದರೆ ಅದಕ್ಕೆ ಬಾಲ ಮೂಡುತ್ತದೆ, ಈಜುತ್ತದೆ. ನೀರು ಆರಿದರೆ ಬಾಲವನ್ನು ಒಳಗೆಳೆದುಕೊಂಡು ಹರಿದಾಡುತ್ತದೆ. ಹೀಗೆ ಅಲೆಯುವಾಗ ಹೊಂದುವ ಎರಡು ಸೇರಿ ಒಂದಾಗುತ್ತವೆ. ಆಮೇಲೆ ನಡೆಯುವುದು ವಿಸ್ಮಯ. ಜೀವಕೋಶದ ನಡುವಿನ ಕೇಂದ್ರ ಎರಡಾಗುತ್ತದೆ, ನಾಲ್ಕಾಗುತ್ತದೆ, ಸಾವಿರವಾಗುತ್ತದೆ, ಲಕ್ಷಗಟ್ಟಲೆ ಆಗುತ್ತದೆ. ಕೋಶ ಮಾತ್ರ ಒಡೆಯುವುದಿಲ್ಲ, ನಡುವೆ ಒಂದು ಗೋಡೆಯೂ ಏಳುವುದಿಲ್ಲ. ಮತ್ತಿ ಮರದ ಮೇಲೆ ನಾನು ಕಂಡ ಅಂಗೈಯಗಲದ ಹಳದಿ ಒಂದೇ ಒಂದು ಜೀವಕೋಶ. ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಅದರ ನಾಳಗಳಲ್ಲಿ ಜೀವರಸ ಒಂದು ದಿಕ್ಕಿಗೆ ಹರಿದು, ನಿಂತು, ಮತ್ತೆ ಹಿಂದಕ್ಕೆ ಹರಿಯುವುದು ಕಾಣುತ್ತದೆ. ಕಾಳಿ ನದಿಯ ಅಳಿವೆಯಲ್ಲಿ ಭರತ ಇಳಿತಗಳಾಗುವ ಹಾಗೆ, ಆದರೆ ಒಂದೆರಡು ನಿಮಿಷಕ್ಕೊಮ್ಮೆ.

ಆಹಾರ ಮುಗಿದಾಗ ಅದು ಕತ್ತಲಿನ ಬಿರುಕುಗಳಿಂದ ಮೇಲೆ, ಬೆಳಕಿಗೆ, ಒಣಗಿದ ಕಡೆಗೆ ಏರಿ ಬರುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಆ ಲೋಳೆಯೆಲ್ಲ ಬೀಜಕಣದ ಗೂಡುಗಳಾಗಿ ಮಾರ್ಪಡುತ್ತದೆ. ಬಿಸಿಲು ಹೆಚ್ಚಾಗಿ ನಡುದಾರಿಯಲ್ಲೇ ಸಿಕ್ಕಿಬಿದ್ದರೆ, ಹಕ್ಕಳೆಯ ಹಾಗೆ ಗಟ್ಟಿಯಾಗಿ ಮುಂದಿನ ಮಳೆಗೆ ಕಾಯುತ್ತದೆ.

ಮಿದುಳಿಲ್ಲದ, ನರವಿಲ್ಲದ ಈ ಲೋಳೆ ದಾರಿ ಹುಡುಕುವುದರಲ್ಲಿ ಗಟ್ಟಿಗ. ಜಪಾನಿನ ತೊಷಿಯುಕಿ ನಕಗಾಕಿ ಮತ್ತು ಸಂಗಡಿಗರು 2000ದಲ್ಲಿ ಇದರ ಒಂದು ಜಾತಿಯನ್ನು ಚಕ್ರವ್ಯೂಹದಂಥ ತಟ್ಟೆಯಲ್ಲಿ ಬಿಟ್ಟು, ಎರಡು ತುದಿಗೆ ಓಟ್ಸ್ ಇಟ್ಟರು. ಅದು ಕುರುಡು ದಾರಿಗಳಿಂದ ಹಿಂದೆ ಸರಿದು, ಹತ್ತಿರದ ದಾರಿಯಲ್ಲಿ ಮಾತ್ರ ನಾಳ ಉಳಿಸಿಕೊಂಡಿತು. 2010ರಲ್ಲಿ ಟೋಕಿಯೊ ಸುತ್ತಲಿನ ಊರುಗಳು ಇರುವ 36 ಜಾಗಗಳಲ್ಲಿ ಓಟ್ಸ್ ಇಟ್ಟು ನೋಡಿದರು. ಸುಮಾರು 26 ಗಂಟೆಗಳಲ್ಲಿ ಅದು ಹೆಣೆದ ಬಲೆ, ಎಂಜಿನಿಯರುಗಳು ಕಟ್ಟಿದ ರೈಲು ಜಾಲವನ್ನು ಬಹಳಷ್ಟು ಹೋಲುತ್ತಿತ್ತು. ನಮ್ಮಲ್ಲಿ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಚರ್ಚೆ ದಶಕಗಳಿಂದ ನಡೆದಿದೆ. ಎಷ್ಟು ಮರ ಹೋಗುತ್ತದೆ ಎಂಬ ಲೆಕ್ಕವನ್ನು ಆ ಚರ್ಚೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬಿದ್ದು ಕೊಳೆಯುವ ಮರದ ಮೇಲೆ ಎಷ್ಟು ಜೀವಜಾತಿ ಇದೆ ಎಂದು ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ಕಾರವಾರದಿಂದ ಕಾಳಿ ನದಿಯ ಗುಂಟ ಕದ್ರಾ ದಾಟಿ ಘಟ್ಟ ಏರಿದರೆ ಅಣಶಿ ಸಿಗುತ್ತದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು ಅದು. 2007ರಲ್ಲಿ ದಾಂಡೇಲಿ ಅಭಯಾರಣ್ಯದೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಕಾಳಿಯ ಹೆಸರು ಹೊತ್ತಿದೆ. ಅಲ್ಲಿ ಹುಲಿ, ಕಪ್ಪು ಚಿರತೆ, ಮಂಗಟ್ಟೆ, ಕಾಳಿಂಗ ಇವೆಲ್ಲ ಕಾವಲಿನಲ್ಲಿವೆ. ಹುಲಿಯ ಗಣತಿ ನಾಲ್ಕು ವರ್ಷಕ್ಕೊಮ್ಮೆ ದೇಶದುದ್ದಕ್ಕೂ ನಡೆಯುತ್ತದೆ. ಮರಮರಕ್ಕೆ ಕ್ಯಾಮೆರಾ ಕಟ್ಟುತ್ತಾರೆ. ಅದು ಆಗಬೇಕಾದ ಕೆಲಸ. ಆದರೆ ಆ ಕ್ಯಾಮೆರಾ ಕಟ್ಟಿದ ಮರದ ತೊಗಟೆಯಲ್ಲೇ ಎಣಿಕೆಗೆ ಕಾದ ಇನ್ನೊಂದು ಲೋಕವಿದೆ. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದ ಲೋಳೆಬೂಷ್ಟುಗಳು ಸುಮಾರು 1000 ಜಾತಿ. ಭಾರತದ ಜಾತಿಗಳ ಮೇಲೆ ಕೆ.ಎಸ್. ಥಿಂಡ್ ಅವರ ಪುಸ್ತಕ 1977ರಲ್ಲಿ ಬಂತು, ಲಖನ್‌ಪಾಲ್ ಮತ್ತು ಮುಖರ್ಜಿ ಅವರದು 1981ರಲ್ಲಿ. ದಕ್ಷಿಣ ಭಾರತದ ಜಾತಿಗಳನ್ನು ವಿ. ಅಗ್ನಿಹೋತ್ರುಡು 1950ರ ದಶಕದಲ್ಲಿ ಒಂದೊಂದಾಗಿ ದಾಖಲಿಸಿದರು. ಆ ಕೆಲಸವನ್ನು ನಮ್ಮ ಕಾಡಿನ ಒಂದೊಂದು ಹಳ್ಳ, ಒಂದೊಂದು ಕಾನಿನ ಮಟ್ಟಕ್ಕೆ ಇಳಿಸಬೇಕು ಎಂಬುದು ನನ್ನ ಹಂಬಲ.

ಕಾಡಿಗೆ ಹೋದರೆ ಏನು ಕಾಣುತ್ತದೆ? ಚಾಕೊಲೇಟ್ ಬಣ್ಣದ ಊದುಬತ್ತಿಗಳನ್ನು ಕಟ್ಟಿ ನಿಲ್ಲಿಸಿದ ಹಾಗೆ ಕೂದಲಿನಷ್ಟು ತೆಳು ಕಾಲುಗಳ ಮೇಲೆ ನಿಂತದ್ದು ಸ್ಟೆಮೊನೈಟಿಸ್. ಎತ್ತರ ಒಂದೆರಡು ಸೆಂಟಿಮೀಟರ್. ಬೆರಳು ತಾಗಿದರೆ ಕಂದು ಪುಡಿ ಹಾರುತ್ತದೆ. ಬಟಾಣಿ ಗಾತ್ರದ ಗುಲಾಬಿ ಗುಂಡುಗಳು ಸಾಲಾಗಿ ಕೂತಿದ್ದರೆ ಅದು ಲೈಕೊಗಾಲ. ಎಳೆಯದಿದ್ದಾಗ ಒತ್ತಿದರೆ ಗುಲಾಬಿ ರಸ ಬರುತ್ತದೆ. ಆ ಹೆಸರಿಗೆ ಗ್ರೀಕಿನಲ್ಲಿ ತೋಳದ ಹಾಲು ಎಂದು ಅರ್ಥವಂತೆ. ಹೊನ್ನಿನ ಸರಿಗೆಯನ್ನು ಬಲೆಯಾಗಿ ಹೆಣೆದು ಮರಕ್ಕೆ ಹೊದಿಸಿದಂತಿರುವುದು ಹೆಮಿಟ್ರೈಕಿಯಾ ಸರ್ಪುಲಾ. ಇದನ್ನು ಮೊದಲು ಕಂಡ ದಿನ ಯಾರದೋ ಒಡವೆ ಬಿದ್ದಿದೆ ಎಂದುಕೊಂಡು ಕೈ ಚಾಚಿದ್ದೆ. ಜಡಿಮಳೆಯಲ್ಲೂ ಒದ್ದೆ ದಿಮ್ಮಿಯ ಮೇಲೆ ಬಿಳಿ ಹವಳದ ಪುಟ್ಟ ಕವಲುಗಳಂತೆ ಹಬ್ಬುವುದು ಸೆರೆಟಿಯೊಮಿಕ್ಸಾ. ಅಜ್ಜಿ ತೋರಿಸಿದ ಹಳದಿ ಫುಲಿಗೊ ಸೆಪ್ಟಿಕಾ. ಮೂರನೇ ದಿನ ಹೋಗಿ ನೋಡಿದಾಗ ಅದು ಸುಣ್ಣದ ಹೊಪ್ಪಳೆಯಾಗಿತ್ತು. ಒಡೆದರೆ ಒಳಗೆ ಕಪ್ಪು ಪುಡಿ. ಸಾಸಿವೆ ಕಾಳಿನಷ್ಟು ಚಿಕ್ಕ ಜೀರುಂಡೆಗಳು ಆ ಪುಡಿಯಲ್ಲೇ ಮುಳುಗೆದ್ದು ಮೇಯುತ್ತಿದ್ದವು.

ಸಮೀಕ್ಷೆ ಎಂದರೆ ಏನೋ ದೊಡ್ಡ ಯಂತ್ರಗಳ ಕೆಲಸ ಎಂದು ಯಾರೂ ಹೆದರಬೇಕಿಲ್ಲ. ಒಂದು ಕೈಮಸೂರ, ಚೂರಿ, ಪೆನ್ಸಿಲ್, ಗೋಂದು, ಖಾಲಿ ಬೆಂಕಿಪೊಟ್ಟಣಗಳು ಸಾಕು. ಲೋಳೆಬೂಷ್ಟು ಕೂತ ತೊಗಟೆಯ ಚಕ್ಕೆಯನ್ನು ಮೆಲ್ಲಗೆ ಎಬ್ಬಿಸಿ ಪೊಟ್ಟಣದ ತಳಕ್ಕೆ ಅಂಟಿಸುವುದು. ಮೇಲೆ ದಿನಾಂಕ, ಜಾಗ, ಮರದ ಹೆಸರು, ಮರ ಎಷ್ಟು ಕುಂಬಾಗಿದೆ ಎಂಬುದನ್ನು ಬರೆಯುವುದು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಚಕ್ಕೆಯನ್ನೂ ತೆಗೆಯುವಂತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅನುಮತಿ ಕೈಗೆ ಬರುವ ತನಕ ನಮ್ಮ ಬೇಣ, ತೋಟ, ಸೊಪ್ಪಿನ ಬೆಟ್ಟಗಳಲ್ಲೇ ಕೈ ಪಳಗಿಸಬಹುದು.

ಮರದ ಹೆಸರು ಬರೆಯಿರಿ ಎಂದು ಒತ್ತಿ ಹೇಳಲು ಕಾರಣವಿದೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಆಳವಾಗಿ ಬಿರಿದಿರುತ್ತದೆ. ಮಳೆ ನಿಂತ ಮೇಲೂ ಆ ಬಿರುಕುಗಳಲ್ಲಿ ತೇವ ಉಳಿಯುತ್ತದೆ. ನಂದಿಯ ಮೈ ನುಣುಪು, ಸಿಪ್ಪೆ ಸುಲಿದು ಬೀಳುತ್ತದೆ. ಒಂದು ತೊಗಟೆ ಹುಳಿ, ಇನ್ನೊಂದು ಅಷ್ಟು ಹುಳಿಯಲ್ಲ. ಅದಕ್ಕೆ ತಕ್ಕಂತೆ ಅಲ್ಲಿ ಬಾಳುವ ಜಾತಿಗಳೂ ಬೇರೆ. ಮರದ ಹೆಸರಿಲ್ಲದ ಪೊಟ್ಟಣ ವಿಳಾಸವಿಲ್ಲದ ಕಾಗದದಂತೆ. ಈ ವಿಷಯದಲ್ಲಿ ನಮ್ಮ ತಾಲೂಕು ಬಡವಾಗಿಲ್ಲ. ಹೊನ್ನಳ್ಳಿಯ ತುಳಸಿ ಗೌಡರು, 2020ರಲ್ಲಿ ಪದ್ಮಶ್ರೀ ಘೋಷಣೆಯಾದವರು, 2024ರ ಡಿಸೆಂಬರಿನಲ್ಲಿ ನಮ್ಮನ್ನು ಅಗಲಿದವರು, ಶಾಲೆಯ ಮೆಟ್ಟಿಲು ಹತ್ತದೆಯೂ ಬೀಜ ನೋಡಿ ಮರ ಹೇಳುತ್ತಿದ್ದರು. ಅಂಥ ಕಣ್ಣಿನವರು ಇನ್ನೂ ನಮ್ಮ ಕೇರಿಗಳಲ್ಲಿದ್ದಾರೆ. ಪದವಿ ಪಡೆದವರು ಕಾಡಿಗೆ ಹೋಗುವಾಗ ಅವರನ್ನು ಹೊರೆ ಹೊರಲು ಕರೆಯದೆ, ಮುಂದೆ ನಡೆಯಲು ಕರೆಯಬೇಕು.

ನನ್ನ ಮೊದಲ ವರ್ಷದ ಸಂಗ್ರಹ ಪೂರ್ತಿ ಹಾಳಾಯಿತು. ಆರ್ದ್ರೆ ಮಳೆಯಲ್ಲಿ ಹುಮ್ಮಸ್ಸಿನಿಂದ ತಂದ ನಲವತ್ತು ಪೊಟ್ಟಣಗಳನ್ನು ಕಪಾಟಿನಲ್ಲಿಟ್ಟು ಹದಿನೈದು ದಿನದ ಮೇಲೆ ತೆರೆದರೆ, ಎಲ್ಲದರಲ್ಲೂ ನಿಜವಾದ ಬೂಷ್ಟು ಬೆಳೆದು ಒಳಗಿನದನ್ನು ತಿಂದು ಮುಗಿಸಿತ್ತು. ಅಂದು ಬಹಳ ಸಂಕಟವಾಯಿತು. ನಮ್ಮ ಕರಾವಳಿಯ ಮಳೆಗಾಲದ ಗಾಳಿಯೇ ನೀರು. ಆಮೇಲೆ ತಂದ ಪೊಟ್ಟಣಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ, ಒಣ ಮೆಣಸಿನ ಪಕ್ಕ, ಬಾಯಿ ತೆರೆದು ಇಟ್ಟೆ. ಎರಡೇ ದಿನದಲ್ಲಿ ಗರಿಗರಿಯಾಗಿ ಒಣಗಿದವು. ಅವು ಇಂದಿಗೂ ಚೆನ್ನಾಗಿವೆ.

ಯಾವಾಗ ಹುಡುಕಬೇಕು ಎಂಬುದನ್ನೂ ಆ ಸೋಲೇ ಕಲಿಸಿತು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್, ಜುಲೈ, ಆಗಸ್ಟ್ ಮೂರೇ ತಿಂಗಳಲ್ಲಿ. ಪುನರ್ವಸು, ಪುಷ್ಯದ ಜಡಿಯಲ್ಲಿ ಗೂಡುಗಳು ಒಣಗಲು ಬಿಡುವೇ ಸಿಗುವುದಿಲ್ಲ. ಬೀಜಕಣ ಹಾರುವ ಮೊದಲೇ ತೊಳೆದು ಹೋಗುತ್ತದೆ. ಹುಬ್ಬೆ, ಉತ್ತರೆ, ಹಸ್ತದ ಹೊತ್ತಿಗೆ, ಒಂದು ದಿನ ಮಳೆ, ಎರಡು ದಿನ ಬಿಸಿಲು ಎಂಬ ಹದ ಬಂದಾಗ, ಒಂದೇ ದಿಮ್ಮಿಯ ಮೇಲೆ ನಾಲ್ಕು ಬಗೆ ಕಂಡದ್ದಿದೆ.

ಇಲ್ಲೊಂದು ಕುತೂಹಲದ ಸಂಗತಿ. ಮಳೆ ಹೆಚ್ಚಾದಷ್ಟೂ, ಕಾಡು ದಟ್ಟವಾದಷ್ಟೂ ಲೋಳೆಬೂಷ್ಟುಗಳ ಬಗೆ ಹೆಚ್ಚಬೇಕಲ್ಲವೇ? ಮಾರ್ಟಿನ್ ಶ್ನಿಟ್ಲರ್ ಮತ್ತು ಸ್ಟೀವನ್ ಸ್ಟೀಫನ್‌ಸನ್ ಮಧ್ಯ ಅಮೆರಿಕದ ಕೋಸ್ಟರಿಕಾದ ನಾಲ್ಕು ಬಗೆಯ ಕಾಡುಗಳಲ್ಲಿ ಎಣಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶ ತಿರುಗಾಮುರುಗಾ ಇತ್ತು. ಎತ್ತರ ಮತ್ತು ತೇವ ಹೆಚ್ಚಿದ ಹಾಗೆ ಜಾತಿಗಳ ಸಂಖ್ಯೆ ಇಳಿಯುತ್ತ ಹೋಗಿತ್ತು. ಸದಾ ತೊಯ್ದ ಕಾಡಿನಲ್ಲಿ ನೆಲದ ದರಕಿಗಿಂತ ಮೇಲೆ ಗಾಳಿಗೆ ಒಣಗುತ್ತ ನೇತಾಡುವ ಸತ್ತ ಎಲೆ, ಹೂಗೊಂಚಲುಗಳಲ್ಲಿ ಇವು ಹೆಚ್ಚು ಸಿಗುತ್ತವೆ. ಹಾಗಾದರೆ ನಾವು ಅಣಶಿ ಘಟ್ಟದ ಕತ್ತಲ ಕಣಿವೆಯಲ್ಲಿ ನೆಲ ನೋಡುತ್ತ ನಡೆದರೆ ಸಾಲದು. ಬೈನೆ ಮರದ ಒಣ ಗರಿ, ಕಾಡುಬಾಳೆಯ ಜೋತ ಎಲೆ, ಸಿಕ್ಕಿಕೊಂಡ ಅಡಿಕೆ ಹಾಳೆಗಳನ್ನೂ ತಡಕಬೇಕು. ಕರಾವಳಿಯ ಬೋಳು ಗುಡ್ಡದ ಇಳಿಜಾರು, ಗೇರು ಹಕ್ಕಲು, ಅಕೇಶಿಯಾ ನೆಡುತೋಪು, ಇವನ್ನೂ ಪಟ್ಟಿಗೆ ಸೇರಿಸಬೇಕು. ಘಟ್ಟದ ಕಾಡೇ ಮೇಲೋ, ಕರಾವಳಿಯ ಕುರುಚಲೇ ಮೇಲೋ ಎಂಬ ಪ್ರಶ್ನೆಗೆ ಎಣಿಕೆಯೊಂದೇ ಉತ್ತರ.

ಎಲ್ಲಿಯವರೆಗೆ ಎಣಿಸುವುದು? ಬೈತಖೋಲ ಬಂದರಿನಲ್ಲಿ ಮೀನು ವಿಂಗಡಿಸುವ ಹೆಂಗಸರ ಪಕ್ಕ ಒಮ್ಮೆ ನಿಲ್ಲಿ. ಮೊದಲ ಬುಟ್ಟಿ ಸುರಿದಾಗ ಕಂಡದ್ದೆಲ್ಲ ಹೊಸ ಬಗೆ. ಹತ್ತನೇ ಬುಟ್ಟಿಯಲ್ಲಿ ಬಂಗಡೆ, ತಾರ್ಲೆ, ಮತ್ತೆ ಬಂಗಡೆ; ಅಪರೂಪಕ್ಕೆ ಒಂದು ಹೊಸ ಮುಖ. ಸಮೀಕ್ಷೆಯಲ್ಲೂ ಹಾಗೆಯೇ, ಹೊಸ ಪೊಟ್ಟಣಗಳು ಹಳೆಯ ಹೆಸರುಗಳನ್ನೇ ಹೇಳತೊಡಗಿದಾಗ ಆ ಜಾಗದ ಬಲೆ ಹೆಚ್ಚುಕಡಿಮೆ ತುಂಬಿತು ಎಂದು ತಿಳಿಯಬೇಕು. ಒಂದೇ ಮಳೆಗಾಲದಲ್ಲಿ ಆ ಹಂತ ಬರುವುದಿಲ್ಲ.

ಈ ಕೆಲಸದ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಜಪಾನಿನ ಮಿನಕತ ಕುಮಗುಸು ನೆನಪಾಗುತ್ತಾರೆ. 1867ರಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ವರ್ಷಗಟ್ಟಲೆ ಓದಿ, ಊರಿಗೆ ಮರಳಿ, ತನಾಬೆ ಎಂಬ ಕಡಲತಡಿಯ ಊರಿನಲ್ಲಿ ನೆಲೆನಿಂತು ಲೋಳೆಬೂಷ್ಟುಗಳನ್ನು ಹುಡುಕಿದರು. 1906ರಲ್ಲಿ ಸರ್ಕಾರ ಹಳ್ಳಿಹಳ್ಳಿಯ ಚಿಕ್ಕ ದೇಗುಲಗಳನ್ನು ಒಂದುಗೂಡಿಸುವ ಆಜ್ಞೆ ಹೊರಡಿಸಿತು. ದೇಗುಲ ಹೋದರೆ ಅದರ ಸುತ್ತಲಿನ ದೇವರಕಾಡೂ ಕೊಡಲಿಗೆ. ಮಿನಕತ ಎದ್ದು ನಿಂತರು. ಪತ್ರಿಕೆಗಳಿಗೆ ಬರೆದರು, ಅಧಿಕಾರಿಗಳಿಗೆ ಬರೆದರು, 1910ರಲ್ಲಿ ಬಂಧನಕ್ಕೂ ಒಳಗಾಗಿ 18 ದಿನ ಸೆರೆಯಲ್ಲಿದ್ದರು. ದೇವರಕಾಡಿನ ಒಂದು ಕೊಳೆತ ದಿಮ್ಮಿ ಹೋದರೆ ಏನೇನು ಹೋಗುತ್ತದೆ ಎಂದು ಜಾತಿಗಳ ಹೆಸರು ಹಿಡಿದು ಹೇಳಬಲ್ಲವರಾಗಿದ್ದರು ಅವರು. 1929ರಲ್ಲಿ ಸ್ವತಃ ಜೀವಶಾಸ್ತ್ರದಲ್ಲಿ ಆಸಕ್ತರಾಗಿದ್ದ ಚಕ್ರವರ್ತಿ ಹಿರೊಹಿತೊ ತನಾಬೆಗೆ ಬಂದಾಗ, ಮಿನಕತ 110 ಮಾದರಿಗಳನ್ನು ಮಿಠಾಯಿಯ ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು ಕೊಟ್ಟರು. ನಮ್ಮ ಬೆಂಕಿಪೊಟ್ಟಣಕ್ಕೆ ಅಂಥ ಹಿರಿಯಣ್ಣ ಇದ್ದಾನೆ.

ನಮ್ಮ ಕಾನುಗಳಲ್ಲೂ ಜಟಗ, ಚೌಡಿ, ಬೊಮ್ಮಯ್ಯ ಕೂತಿದ್ದಾರೆ. ಅವರ ಬನದಲ್ಲಿ ಬಿದ್ದ ಮರವನ್ನು ಮನೆಗೆ ಒಯ್ಯಬಾರದು ಎಂಬ ಕಟ್ಟಳೆಯನ್ನು ಹಿರಿಯರಿಂದ ಕೇಳಿದ್ದೇನೆ. ಆ ಕಟ್ಟಳೆ ನಿಂತಲ್ಲಿ ದಿಮ್ಮಿ ಬಿದ್ದಲ್ಲೇ ಮಣ್ಣಾಗುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವನ್ನು ಈ ಅಮೀಬಾಗಳು ಮೇಯುತ್ತವೆ. ಮೇದು ಬಿಟ್ಟ ಸಾರಜನಕ ಬೇರುಗಳಿಗೆ ಸಿಗುತ್ತದೆ. ಕಾಡನ್ನು ಚೊಕ್ಕಟ ಮಾಡುತ್ತೇವೆಂದು ಬಿದ್ದ ಮರಗಳನ್ನೆಲ್ಲ ಎತ್ತಿ ಸಾಗಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಒಲೆಗೆ ಒಂದು ಹೊರೆ ಪುರಳೆ ತರುವ ಬಡವರ ಮಾತು ಬೇರೆ. ಆಳೆತ್ತರದ ಹಳೆಯ ದಿಮ್ಮಿಗಳಾದರೂ ಬಿದ್ದಲ್ಲೇ ಇರಲಿ. ಗ್ರಾಮ ಪಂಚಾಯತಿಗಳಲ್ಲಿ ಜೀವವೈವಿಧ್ಯ ದಾಖಲಾತಿ ಬರೆಯುವಾಗ ಮರ, ಮೀನು, ಭತ್ತದ ತಳಿಗಳ ಜೊತೆ ಕುಂಬು ಮರಕ್ಕೂ ಒಂದು ಪುಟ ಬಿಡಲಿ.

ಮಿನಕತರ ಬಗ್ಗೆ ಇನ್ನೊಂದು ಮಾತಿದೆ. ಅವರ ಹೆಸರನ್ನೇ ಹೊತ್ತ ಮಿನಕಟೆಲ್ಲಾ ಎಂಬ ಲೋಳೆಬೂಷ್ಟು ಅವರಿಗೆ ಸಿಕ್ಕಿದ್ದು 1917ರಲ್ಲಿ, ದೂರದ ಕಾಡಿನಲ್ಲಿ ಅಲ್ಲ, ತಮ್ಮದೇ ಅಂಗಳದ ಒಂದು ಹಣ್ಣಿನ ಮರದ ತೊಗಟೆಯಲ್ಲಿ. ಇಂಗ್ಲೆಂಡಿನ ಗುಲಿಯೆಲ್ಮಾ ಲಿಸ್ಟರ್ ಅದನ್ನು ಪರೀಕ್ಷಿಸಿ 1921ರಲ್ಲಿ ಹೆಸರಿಟ್ಟರು.

ಅಂಗಳದ ಮರ ನಿಮಗೂ ಇದೆ. ಮಾವೋ, ಹಲಸೋ, ಮುರುಗಲೋ, ಯಾವುದಾದರೂ ಆದೀತು. ಒಣಗಿ ಸಡಿಲವಾದ ತೊಗಟೆಯ ನಾಲ್ಕು ಚೂರು ತೆಗೆಯಿರಿ. ಮುಚ್ಚಳವಿರುವ ಒಂದು ಡಬ್ಬಿಯ ತಳಕ್ಕೆ ಕಾಗದ ಹಾಸಿ, ಚೂರುಗಳನ್ನಿಟ್ಟು, ಸ್ವಚ್ಛ ನೀರು ಹಾಕಿ. ಒಂದು ದಿನ ನೆನೆದ ಮೇಲೆ ಹೆಚ್ಚಿನ ನೀರು ಬಸಿದು, ಬೆಳಕು ಬರುವ ಆದರೆ ಬಿಸಿಲು ಬೀಳದ ಕಡೆ ಇಡಿ. ಅಮೆರಿಕದ ಗಿಲ್ಬರ್ಟ್ ಮತ್ತು ಮಾರ್ಟಿನ್ 1933ರಲ್ಲಿ ತೋರಿಸಿಕೊಟ್ಟ ಉಪಾಯ ಇದು; ಕಣ್ಣಿಗೆ ಕಾಣದೆ ತೊಗಟೆಯಲ್ಲಿ ಕಾದು ಕೂತದ್ದನ್ನು ಹೊರಗೆ ಕರೆಯುವ ದಾರಿ. ಮೂರು ತಿಂಗಳವರೆಗೂ ನೋಡುತ್ತಿರಬಹುದು.

ನನ್ನ ಕಿಟಕಿಯ ಬಳಿ ಇಂಥ ಒಂದು ಡಬ್ಬಿ ಇದೆ, ನಮ್ಮ ಹಿತ್ತಿಲಿನ ಮುರುಗಲಿನದು. ಹದಿನೇಳು ದಿನ ಏನೂ ಇರಲಿಲ್ಲ. ಈ ಭಾಷಣ ಓದಲು ಹೊರಡುವ ಮುನ್ನ ಇವತ್ತು ಬೆಳಿಗ್ಗೆ ಮುಚ್ಚಳ ತೆಗೆದೆ. ಬಿರುಕಿನ ಅಂಚಿನಲ್ಲಿ, ರವೆಯ ಕಾಳಿಗಿಂತ ಚಿಕ್ಕದಾಗಿ, ಕಾಲಿನ ಮೇಲೆ ನಿಂತ ಐದು ಬಿಳಿ ತಲೆಗಳು ಕಂಡವು.